ಅರ್ಧ ಹೆಸರು ಹೇಳಿದವರ ಕಥೆ

'ಮ್ಯಾಜಿಕ್: ದಿ ಗ್ಯಾದರಿಂಗ್' ಇಸ್ಪೀಟಿನಂತಲ್ಲ. 1993ರಿಂದ ನಡೆದುಬಂದಿರುವ ಈ ಆಟದಲ್ಲಿ ಸಾವಿರಾರು ಕಾರ್ಡ್‌ಗಳಿವೆ. ಬೇಕಾದ್ದನ್ನು ಆರಿಸಿ, ಸಾಮಾನ್ಯವಾಗಿ 60 ಕಾರ್ಡ್‌ಗಳ ಡೆಕ್ ಕಟ್ಟಿಕೊಂಡು ಆಡ್ತಾರೆ. ಎದುರಾಳಿಯ ಕೈಲಿ ಏನಿದೆಯೋ ಗೊತ್ತಿಲ್ಲ. ಆದರೂ ಹೆಸರು ಹಿಡಿದು ಅವರನ್ನು ಕಟ್ಟಿಹಾಕುವ ಕಾರ್ಡ್‌ಗಳಿವೆ.

2001ರಲ್ಲಿ ಬಂದ 'ಮೆಡ್ಲಿಂಗ್ ಮೇಜ್' ನೋಡಿ. ಇದನ್ನು ಕಣಕ್ಕಿಳಿಸುವಾಗ ಒಂದು ಕಾರ್ಡಿನ ಹೆಸರು ಹೇಳಬೇಕು. ಇದು ಅಲ್ಲಿರುವ ತನಕ ಆ ಹೆಸರಿನ ಕಾರ್ಡನ್ನು ಯಾರೂ ಪ್ರಯೋಗಿಸುವಂತಿಲ್ಲ, ಹೇಳಿದವರೂ ಸೇರಿ. ಆದರೆ ನಿಷೇಧ ಹೆಸರಿಗೇ ಹೊರತು ಕೆಲಸಕ್ಕಲ್ಲ. ನೀವು 'ಲೈಟ್ನಿಂಗ್ ಬೋಲ್ಟ್' ಅಂದರೆ ಎದುರಾಳಿ 'ಚೈನ್ ಲೈಟ್ನಿಂಗ್' ತೆಗೀತಾರೆ. ಎರಡರ ಪೆಟ್ಟೂ ಮೂರೇ. (2020ರಲ್ಲಿ ನಿಷೇಧವಾದ ಪಬ್‌ಜಿ ಮೊಬೈಲ್ ಮರುವರ್ಷ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಆಗಿ ಬಂದದ್ದು ನೆನಪಿರಬಹುದು.) ಹಾಗಾಗಿ ಹೆಸರಿಸಬೇಕಾದ್ದು ಎದುರಾಳಿಯ ಬಲಿಷ್ಠ ಕಾರ್ಡನ್ನಲ್ಲ, ಬದಲಿಯೇ ಇಲ್ಲದ ಕಾರ್ಡನ್ನು.

ಅದನ್ನು ತಿಳಿಯೋದು ಹೇಗೆ? 2002ರ 'ಕಬಾಲ್ ಥೆರಪಿ'ಯಲ್ಲಿ ಇದಕ್ಕೊಂದು ಜಾಣ ದಾರಿಯಿದೆ. ಹೆಸರು ಹೇಳಿದರೆ ಎದುರಾಳಿ ತನ್ನ ಕೈಯನ್ನೆಲ್ಲ ತೋರಿಸಿ, ಆ ಹೆಸರಿನ ಕಾರ್ಡ್‌ಗಳನ್ನು ಎಸೆಯಬೇಕು. ಮೊದಲ ಸಲ ಊಹೆ ತಪ್ಪಿದರೂ ಕೈ ನೋಡಿದಂತಾಯ್ತು. ಆಮೇಲೆ ನಿಮ್ಮದೊಂದು ಜೀವಿಯನ್ನು ಬಲಿಕೊಟ್ಟು ಅದೇ ಕಾರ್ಡನ್ನು ಮತ್ತೆ ಬಳಸಬಹುದು. ಆಗ ಕತ್ತಲಲ್ಲಿ ಕಲ್ಲು ಹೊಡೆಯೋ ಪ್ರಮೇಯವಿಲ್ಲ.

ನಿಜವಾದ ಜಗಳ ಎದ್ದದ್ದು 2005ರ 'ಪಿತಿಂಗ್ ನೀಡಲ್' ಸುತ್ತ. ಹೆಸರಿಸಿದ ಕಾರ್ಡ್ ಕಣಕ್ಕೆ ಬರೋದನ್ನು ಈ ಸೂಜಿ ತಡೆಯಲ್ಲ, ಬೆಲೆ ತೆತ್ತು ಚಾಲೂ ಮಾಡುವ ಅದರ ಶಕ್ತಿಯನ್ನು ತಡೆಯುತ್ತೆ. 2016ರಲ್ಲಿ ಅಮೆರಿಕದ ಷಾರ್ಲಟ್‌ನಲ್ಲಿ ನಡೆದ ಗ್ರಾಂಡ್ ಪ್ರಿ ಟೂರ್ನಿಯಲ್ಲಿ ಒಬ್ಬ ಆಟಗಾರ ಸೂಜಿ ಇಳಿಸಿ 'ಬೋರ್ಬೊರಿಗ್ಮೊಸ್' ಎಂದ. ಅವನಿಗೆ ಬೇಕಿದ್ದದ್ದು 'ಬೋರ್ಬೊರಿಗ್ಮೊಸ್ ಎನ್‌ರೇಜ್ಡ್', ಅಂದರೆ ಭೂಮಿ ಕಾರ್ಡ್ ಎಸೆದಾಗಲೆಲ್ಲ ಮೂರು ಪೆಟ್ಟು ಕೊಡುವ ದೈತ್ಯ. ಬರೀ 'ಬೋರ್ಬೊರಿಗ್ಮೊಸ್' ಎಂಬ ಹಳೇ ಕಾರ್ಡೂ ಇದೆ, ಅದರಲ್ಲಿ ಸೂಜಿ ತಡೆಯಬಲ್ಲ ಶಕ್ತಿಯೇ ಇಲ್ಲ! ಅವನ ಉದ್ದೇಶ ಏನಿತ್ತೆಂದು ಊಹಿಸೋದು ಕಷ್ಟವಿರಲಿಲ್ಲ. ಆದರೂ ಬಾಯಿಂದ ಬಂದ ಹೆಸರೇ ಅಂತಿಮ ಎಂದರು ಜಡ್ಜ್.

ಇಲ್ಲೊಂದು ವಿಚಿತ್ರ ಇದೆ. ಟೂರ್ನಿಯ ನಿಯಮದಂತೆ ಹೆಸರು ಪೂರಾ ಮರೆತವರು ಕಾರ್ಡನ್ನು ವರ್ಣಿಸಬಹುದು. ವರ್ಣನೆ ಒಂದೇ ಕಾರ್ಡಿಗೆ ಹೊಂದಿದರೆ ಸಾಕು. ಅಂದರೆ 'ಭೂಮಿ ಎಸೆದು ಮೂರು ಪೆಟ್ಟು ಕೊಡ್ತಾನಲ್ಲ, ಆ ದೈತ್ಯ' ಎಂದಿದ್ದರೆ ಅವನು ಬಚಾವಾಗುತ್ತಿದ್ದ. ಅರ್ಧ ಹೆಸರು ನೆನಪಿದ್ದದ್ದೇ ಮುಳುವಾಯ್ತು, ಆ ಅರ್ಧವೇ ಇನ್ನೊಂದು ಕಾರ್ಡಿನ ಪೂರ್ತಿ ಹೆಸರಾಗಿತ್ತು. ಅಕ್ಷರ ಹಿಡಿದು ನೋಡಿದರೆ ತೀರ್ಪಿಗೆ ಆಧಾರವಿತ್ತು. ನನಗೆ ಮಾತ್ರ ಅದು ನ್ಯಾಯ ಅನ್ನಿಸಲ್ಲ. ಎದುರಾಳಿಗೂ ಅರ್ಥವಾಗುವಂಥ ಮಾತನ್ನು ಅರ್ಥವಾಗದ ಹಾಗೆ ಓದೋದು ಆಟದ ಕೌಶಲವಲ್ಲ. ಆದರೆ ಮುಂದಿನ ಟೇಬಲ್‌ನಲ್ಲಿ ಯಾವ ಜಡ್ಜ್ ಇರ್ತಾರೋ! 'ಲಿಲಿಯಾನಾ' ಅಂತ ಶುರುವಾಗುವ ಕಾರ್ಡ್‌ಗಳೇ ಹಲವಿವೆ. ಸೂಜಿ ಇಳಿಸುವಾಗ ಹೆಸರಿನ ಜೊತೆ ಅದು ಏನು ಮಾಡುತ್ತೆ ಅನ್ನೋದನ್ನೂ ಹೇಳಿಬಿಡಿ.