ಮಲೇರಿಯಾಕ್ಕೆ ಸಕ್ಕರೆ ಸರಪಳಿಯ ತಡೆ

ಸಕ್ಕರೆಯ ಅಣುಗಳು ಒಂದಕ್ಕೊಂದು ಕೂಡಿ ಉದ್ದಕ್ಕೆ ಬೆಳೆದ ಸರಪಳಿಯೇ ಪಾಲಿಸ್ಯಾಕರೈಡ್. ಅದರ ಮೈತುಂಬ ಸಲ್ಫೇಟ್ ಗುಂಪುಗಳು ಸೇರಿಕೊಂಡರೆ ಇಡೀ ಸರಪಳಿಗೆ ಋಣ ವಿದ್ಯುದಂಶ ಬರುತ್ತದೆ. ಮನುಷ್ಯನ ಜೀವಕೋಶಗಳ ಹೊರಮೈಯಲ್ಲಿರುವ ಹೆಪರಾನ್ ಸಲ್ಫೇಟ್, ರಕ್ತ ಹೆಪ್ಪುಗಟ್ಟದಂತೆ ಆಸ್ಪತ್ರೆಗಳಲ್ಲಿ ಕೊಡುವ ಹೆಪಾರಿನ್, ಕಂದು ಕಡಲಪಾಚಿಯ ಫ್ಯುಕಾಯ್ಡನ್, ಕೆಂಪು ಪಾಚಿಯ ಕ್ಯಾರಗೀನನ್ ಎಲ್ಲವೂ ಈ ಜಾತಿಯವೇ.

ಮಲೇರಿಯಾ ಪರಾವಲಂಬಿಗೆ ದೇಹದೊಳಗೆ ಹಲವು ಕಡೆ ಆಸರೆಯಾಗುವುದು ಇಂಥ ಸರಪಳಿಗಳೇ. ಸೊಳ್ಳೆ ಕಚ್ಚಿದಾಗ ಒಳಸೇರುವ ಪರಾವಲಂಬಿಯ ಮೊದಲ ರೂಪವಾದ ಸ್ಪೋರೊಜಾಯಿಟ್‌ಗಳು ಯಕೃತ್ತಿನಲ್ಲಿ ನೆಲೆ ನಿಲ್ಲಲು ಅಲ್ಲಿ ದಟ್ಟವಾಗಿರುವ ಹೆಪರಾನ್ ಸಲ್ಫೇಟ್ ನೆರವಾಗುತ್ತದೆ. ಅಲ್ಲಿಂದ ರಕ್ತಕ್ಕಿಳಿದ ಮುಂದಿನ ರೂಪವಾದ ಮೀರೋಜಾಯಿಟ್‌ಗಳು ಕೆಂಪು ರಕ್ತಕಣಗಳನ್ನು ಹೊಗುತ್ತವೆ. ಫಾಲ್ಸಿಪಾರಂ ಪ್ರಭೇದದಲ್ಲಿ ಸುಮಾರು 48 ಗಂಟೆಗೊಮ್ಮೆ ಕಣ ಒಡೆದು ಹೊಸ ಮೀರೋಜಾಯಿಟ್‌ಗಳು ಹೊರಬೀಳುತ್ತವೆ. ಹೊಸ ಕಣವೊಂದನ್ನು ಹೊಗಲು ಅವುಗಳಿಗೆ ಸಿಗುವುದು ಕೆಲವೇ ನಿಮಿಷ.

ಹೆಚ್ಚು ಅಪಾಯವಿರುವುದು ಇದರ ಮುಂದಿನ ಹಂತದಲ್ಲಿ. ಸೋಂಕು ತಗುಲಿದ ಕಣದ ಮೇಲೆ ಪರಾವಲಂಬಿ ತನ್ನದೇ ಪ್ರೋಟೀನೊಂದನ್ನು ಹೊರಚಾಚುತ್ತದೆ. ಅದರಿಂದಾಗಿ ಕಣ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿ ಕೂರುತ್ತದೆ. ಸೋಂಕಿಲ್ಲದ ಕಣಗಳೂ ಹೂವಿನ ದಳಗಳ ಹಾಗೆ ಅದರ ಸುತ್ತ ಮುತ್ತಿಕೊಳ್ಳುತ್ತವೆ. ಮಿದುಳಿನ ನಾಳಗಳು ಹೀಗೆ ಕಟ್ಟಿಕೊಂಡರೆ ರೋಗಿ ಪ್ರಜ್ಞೆ ತಪ್ಪುತ್ತಾನೆ. ಗರ್ಭಿಣಿಯರಲ್ಲಿ ಸೋಂಕಿತ ಕಣಗಳು ಮಾಸಿನಲ್ಲಿರುವ, ಇಂಥದೇ ಸರಪಳಿಯಾದ ಕಾಂಡ್ರಾಯ್ಟಿನ್ ಸಲ್ಫೇಟ್‌ಗೆ ಅಂಟುತ್ತವೆ ಎಂಬುದು 1996ರಲ್ಲಿ ಪ್ರಕಟವಾಯಿತು.

ರಕ್ತದಲ್ಲಿ ಇದೇ ಬಗೆಯ ಸರಪಳಿಗಳನ್ನು ಬಿಡಿಬಿಡಿಯಾಗಿ ಹರಿಯಬಿಟ್ಟರೆ ಪರಾವಲಂಬಿಯ ಪ್ರೋಟೀನುಗಳು ಅವಕ್ಕೇ ಅಂಟಿಕೊಂಡು ಕಣಗಳನ್ನು ಬಿಡುತ್ತವೆ. ಪ್ರಯೋಗಾಲಯದಲ್ಲಿ ಹೆಪಾರಿನ್ ಇದನ್ನು ಮಾಡಿ ತೋರಿಸಿತು. ಮೀರೋಜಾಯಿಟ್‌ಗಳ ಪ್ರವೇಶವನ್ನು ತಡೆಯಿತು, ದಳದಂತೆ ಮುತ್ತಿದ ಕಣಗಳನ್ನು ಬಿಡಿಸಿತು. ಆದರೆ 20ನೇ ಶತಮಾನದಲ್ಲಿ ತೀವ್ರ ಮಲೇರಿಯಾದ ರೋಗಿಗಳಿಗೆ ಹೆಪಾರಿನ್ ಕೊಟ್ಟಾಗ ರಕ್ತಸ್ರಾವದ ಅಪಾಯ ಎದುರಾಗಿ ಅದನ್ನು ಕೈಬಿಡಬೇಕಾಯಿತು.

ಹೆಪಾರಿನ್ ರಕ್ತವನ್ನು ತೆಳುವಾಗಿಸುವುದು ತನ್ನ ಸರಪಳಿಯ ಒಂದು ನಿರ್ದಿಷ್ಟ ಭಾಗದಿಂದ. ಪರಾವಲಂಬಿಯನ್ನು ತಡೆಯಲು ಆ ಭಾಗ ಬೇಕಿಲ್ಲ. ಅದನ್ನು ಕೆಡಿಸಿ, ಸರಪಳಿಯನ್ನು ಗಿಡ್ಡಗೊಳಿಸಿ ಸ್ವೀಡನ್ನಿನ ಸಂಶೋಧಕರು ರೂಪಿಸಿದ ಔಷಧ ಸೆವುಪಾರಿನ್. ಸಾಧಾರಣ ಫಾಲ್ಸಿಪಾರಂ ಮಲೇರಿಯಾದ ರೋಗಿಗಳಿಗೆ ಇದನ್ನು ಬೇರೆ ಮಲೇರಿಯಾ ಔಷಧದ ಜೊತೆ ಕೊಟ್ಟು ಥಾಯ್ಲೆಂಡಿನಲ್ಲಿ ಪರೀಕ್ಷೆ ನಡೆಯಿತು. 2017ರಲ್ಲಿ ಹೊರಬಂದ ಅದರ ಫಲಿತಾಂಶದಲ್ಲಿ ಗಮನ ಸೆಳೆಯುವುದು ರಕ್ತಲೇಪದ ನೋಟ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಸಾಮಾನ್ಯವಾಗಿ ಕಾಣುವುದು ಉಂಗುರದಾಕಾರದ ಎಳೆಯ ಪರಾವಲಂಬಿಗಳು ಮಾತ್ರ. ಬಲಿತವು ನಾಳದ ಗೋಡೆಗಳಲ್ಲಿ ಅಡಗಿರುತ್ತವೆ. ಸೆವುಪಾರಿನ್ ಕೊಟ್ಟ ಕೆಲ ಗಂಟೆಗಳಲ್ಲೇ ಬಲಿತವೂ ರಕ್ತದಲ್ಲಿ ತೇಲಿಬಂದವು, ಅಂದರೆ ಹಿಡಿತ ಸಡಿಲಗೊಂಡಿತ್ತು.

ಕಡಲಪಾಚಿಯ ಸರಪಳಿಗಳೂ ಪ್ರಯೋಗಾಲಯದಲ್ಲಿ ಪರಾವಲಂಬಿಯ ಬೆಳವಣಿಗೆಯನ್ನು ತಗ್ಗಿಸಿವೆ. ಆದರೆ ಪ್ರತಿ ಪಾಚಿಯಲ್ಲೂ ಸರಪಳಿಯ ಉದ್ದ, ಸಲ್ಫೇಟ್‌ಗಳ ಸ್ಥಾನ ಬೇರೆಬೇರೆ. ಒಂದೇ ಗುಣಮಟ್ಟದ ಔಷಧ ತಯಾರಿಸುವುದು ಸುಲಭವಲ್ಲ. ಇಂಥ ಸರಪಳಿಗಳೆಲ್ಲ ಗಾತ್ರದಲ್ಲಿ ದೊಡ್ಡವಾದ್ದರಿಂದ ನುಂಗಿದರೆ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ, ಚುಚ್ಚಿಯೇ ಕೊಡಬೇಕು. ಹಾಗಾಗಿ ಮನೆಯಲ್ಲಿ ನುಂಗುವ ಮಾತ್ರೆಯ ಜಾಗಕ್ಕೆ ಇವು ಬರಲಾರವು. ಹೊಂದುವುದು ತೀವ್ರ ಮಲೇರಿಯಾದ ರೋಗಿಯ ಹಾಸಿಗೆಯ ಬಳಿ: ಮಲೇರಿಯಾ ಔಷಧ ಆರ್ಟೆಸುನೇಟ್ ಪರಾವಲಂಬಿಯನ್ನು ಕೊಂದರೂ ಆಗಲೇ ಅಂಟಿಕೊಂಡ ಕಣಗಳು ನಾಳಗಳನ್ನು ಕಟ್ಟಿಕೊಂಡೇ ಇರುವ ಮೊದಲ ಗಂಟೆಗಳಲ್ಲಿ.