ಹೆಚ್ಚು ಬಂದ ಪಗಾರ ಮರಳಿ ಕೇಳಿದಾಗ

ದೀಪಾವಳಿಗೆ ಇನ್ನು ನಾಲ್ಕೇ ದಿನ. ನಾನು ಕರ್ಚಿಕಾಯಿಗೆಂದು ಒಣಕೊಬ್ಬರಿ ತುರಿಯುತ್ತ ಕುಳಿತಿದ್ದೆ. ನನ್ನ ನೆಗೆಣ್ಣಿ ಹಿತ್ತಿಲ ಬಾಗಿಲಿನಿಂದ ಬಂದವಳೇ ಒಂದು ಕಾಗದ ಮುಂದೆ ಹಿಡಿದಳು. "ಅಕ್ಕಾ, ಇದನ್ನಷ್ಟು ಓದ್ರಿ. ನನಗ ಕೈಕಾಲು ಆಡವಲ್ದು" ಎಂದಳು.

ಅವಳು ನಮ್ಮ ದಿಗ್ಗೇವಾಡಿಯಿಂದ ದಿನವೂ ಬಸ್ಸು ಹಿಡಿದು ಹೋಗಿ ಒಂದು ಖಾಸಗಿ ಶಾಲೆಯಲ್ಲಿ ಐದು ವರ್ಷ ಕಲಿಸಿದವಳು. ಸಣ್ಣ ಮಗನ ಆರೈಕೆಗೆಂದು ಸೆಪ್ಟೆಂಬರ್ 12ಕ್ಕೆ ಕೆಲಸ ಬಿಟ್ಟಿದ್ದಳು. ಕಾಗದ ಬಂದದ್ದು ಆ ಶಾಲೆಯಿಂದಲೇ. "ತಮಗೆ ಕೊನೆಯ ತಿಂಗಳು 9,000 ರೂಪಾಯಿ ಹೆಚ್ಚಾಗಿ ಪಾವತಿಯಾಗಿದೆ. ಏಳು ದಿನಗಳೊಳಗೆ ಮರಳಿಸಬೇಕು. ತಪ್ಪಿದಲ್ಲಿ ಕಾನೂನು ಕ್ರಮ ಕೈಗೊಳ್ಳಲಾಗುವುದು." ಇಷ್ಟೇ ಒಕ್ಕಣೆ. ಲೆಕ್ಕ ಇಲ್ಲ, ವಿವರ ಇಲ್ಲ.

ಆ ರೊಕ್ಕವಾದರೂ ಎಲ್ಲಿತ್ತು? ಮಗನ ಔಷಧಕ್ಕೆ ಸ್ವಲ್ಪ, ಸಂಘದ ಕಂತಿಗೆ ಸ್ವಲ್ಪ, ನವರಾತ್ರಿಗೆ ಅತ್ತೆಗೊಂದು ಇಳಕಲ್ ಸೀರೆಗೆ ಸ್ವಲ್ಪ ಎಂದು ಖರ್ಚಾಗಿ ಹೋಗಿತ್ತು. ಮನೆಯಲ್ಲಿ ಎರಡು ಪಕ್ಷವಾದವು. ಅತ್ತೆ, "ಮಂದಿ ರೊಕ್ಕ ನಮಗ್ಯಾಕವ್ವಾ? ಕೇಳಿದಷ್ಟೂ ಒಗದು ಬಂದುಬಿಡು" ಎಂದರು. ನನ್ನ ಮೈದುನ, "ಅವರು ತಪ್ಪು ಮಾಡಿದ್ರ ನಾವ್ಯಾಕ ಕೊಡೂದು? ಒಂದು ಪೈಸಾನೂ ಕೊಡಬ್ಯಾಡ" ಎಂದು ಕೂಗಾಡಿದ. ಕೊಡಬೇಕಾಗಿದ್ದವಳು ಮಾತ್ರ ಎರಡು ರಾತ್ರಿ ನಿದ್ದೆ ಮಾಡಲಿಲ್ಲ.

ಗೆಳತಿಯರೇ, ಇಂಥ ಕಾಗದ ಇಂದು ನೆಗೆಣ್ಣಿಗೆ ಬಂದದ್ದು ನಾಳೆ ನಮ್ಮಲ್ಲಿ ಯಾರಿಗಾದರೂ ಬರಬಹುದು. ನಮಗೆ ಬಾರದಿದ್ದರೆ ಮಗಳಿಗೋ ಸೊಸೆಗೋ, ನಿವೃತ್ತರಾದ ಯಜಮಾನರಿಗೋ ಬಂದೀತು. ಆಗ ಏನು ಮಾಡಬೇಕು? ಹೆದರಿ ಕೇಳಿದಷ್ಟೂ ಕೊಟ್ಟುಬಿಡುವುದು ಸರಿಯಲ್ಲ, ಕಾಗದವನ್ನು ಹರಿದು ಒಲೆಗೆ ಹಾಕುವುದೂ ಸರಿಯಲ್ಲ. ಮೊದಲು ಲೆಕ್ಕ ಕೇಳಬೇಕು.

ಕಬ್ಬಿನ ಬಿಲ್ಲು ನೋಡಿದ ಹಾಗೆ

ನಮ್ಮ ಸೀಮೆಯ ಹೆಂಗಸರಿಗೆ ಲೆಕ್ಕ ನೋಡುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬಂದ ದಿನ ತೂಕದ ಚೀಟಿಗಳನ್ನು ಹರವಿಕೊಂಡು, ಟನ್ನು ಎಷ್ಟು, ಕಡಿದು ಸಾಗಿಸಿದ ಖರ್ಚು ಎಷ್ಟು, ಸೊಸೈಟಿ ಸಾಲಕ್ಕೆ ಹಿಡಿದದ್ದೆಷ್ಟು ಎಂದು ಒಂದೊಂದೇ ಕೂಡಿಸಿ ನೋಡುತ್ತೇವೆ. ಪಗಾರದ ಲೆಕ್ಕವನ್ನೂ ಹಾಗೆಯೇ ನೋಡಬೇಕು.

ನಾವಿಬ್ಬರೂ ಅವಳ ನೇಮಕದ ಪತ್ರ, ರಾಜೀನಾಮೆಯ ಪ್ರತಿ, ಪಗಾರದ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು ಮುಂದಿಟ್ಟುಕೊಂಡು ಕುಳಿತೆವು. ತಿಂಗಳ ಪಗಾರ 15,000. ದಿನಕ್ಕೆ 500 ಆಯಿತು. ಸೆಪ್ಟೆಂಬರಿನಲ್ಲಿ 12 ದಿನ ಕೆಲಸ ಮಾಡಿದ್ದಕ್ಕೆ ಬರಬೇಕಾದದ್ದು 6,000. ಶಾಲೆಯವರು ಮರೆತು ಪೂರ್ತಿ ತಿಂಗಳ 15,000 ಹಾಕಿದ್ದರು. ಅಲ್ಲಿಗೆ ಹೆಚ್ಚಾದದ್ದು 9,000. ಅವರು ಹೇಳಿದ್ದು ಸುಳ್ಳಲ್ಲ.

ಆದರೆ ಅವಳ ಕೈಗೆ ಬಂದದ್ದೆಷ್ಟು? 15,000ದಲ್ಲಿ ನೂರಕ್ಕೆ 12ರಂತೆ 1,800 ಭವಿಷ್ಯನಿಧಿಗೆ ಹೋಗಿ, ಬ್ಯಾಂಕಿಗೆ ಬಿದ್ದದ್ದು 13,200. ಬರಬೇಕಾದ 6,000ದಲ್ಲಿ 720 ಕಳೆದರೆ 5,280. ಹಾಗಾದರೆ ಕೈಗೆ ಹೆಚ್ಚಾಗಿ ಬಂದದ್ದು 7,920 ಮಾತ್ರ. ಉಳಿದ 1,080 ಅವಳ ಹೆಸರಿನ ಭವಿಷ್ಯನಿಧಿ ಖಾತೆಯಲ್ಲಿದೆ. ಅದನ್ನು ಶಾಲೆಯವರೇ ಆ ಕಚೇರಿಯ ಮೂಲಕ ಸರಿಪಡಿಸಿಕೊಳ್ಳಬೇಕು. ಇವಳು ಕೈಯಿಂದ ಹಾಕಿ ಕೊಡತಕ್ಕದ್ದಲ್ಲ.

ಇನ್ನೊಂದು ಮಾತು ನೇಮಕದ ಪತ್ರದ ಕೊನೆಯ ಪುಟದಲ್ಲಿತ್ತು. ಬಳಸದ ಗಳಿಕೆ ರಜೆಗೆ ಕೆಲಸ ಬಿಡುವಾಗ ಪಗಾರ ಕೊಡಲಾಗುವುದು ಎಂದು ಬರೆದಿದ್ದರು. ಅವಳ ನಾಲ್ಕು ದಿನದ ರಜೆ ಉಳಿದಿತ್ತು. ಅದಕ್ಕೆ 2,000 ಬರಬೇಕಾಗಿತ್ತು, ಬಂದಿರಲಿಲ್ಲ. 7,920ರಲ್ಲಿ 2,000 ಕಳೆದರೆ ಉಳಿದದ್ದು 5,920. ಒಂಬತ್ತು ಸಾವಿರದ ಬೆದರಿಕೆ ಒಂದು ತಾಸಿನ ಲೆಕ್ಕದಲ್ಲಿ ಆರು ಸಾವಿರದೊಳಗೆ ಇಳಿದಿತ್ತು.

ನೀವೂ ಹೀಗೆ ನೋಡುವಾಗ ಇನ್ನೆರಡು ಸಂಗತಿ ಗಮನಿಸಿ. ನೋಟೀಸಿನ ಅವಧಿಯ ಪಗಾರವನ್ನೂ ಇದರಲ್ಲೇ ಸೇರಿಸಿ ಕೇಳಿದ್ದರೆ, ಅದು ಬೇರೆ ಲೆಕ್ಕ. ನೇಮಕದ ಪತ್ರದಲ್ಲಿ ಆ ಷರತ್ತು ಇದೆಯೇ ಎಂದು ನೋಡಿ. ಪಗಾರದಲ್ಲಿ ಆದಾಯ ತೆರಿಗೆ ಕಡಿದಿದ್ದರೆ ಆ ಭಾಗ ಹೇಗೆ ಸರಿಪಡಿಸುತ್ತೀರಿ ಎಂದು ಬರಹದಲ್ಲಿ ಕೇಳಿ.

ಕಾನೂನು ಏನು ಹೇಳುತ್ತದೆ?

ಮೈದುನನ ಮಾತಿಗೆ ಇಲ್ಲಿ ಉತ್ತರವಿದೆ. 1872ರ ಭಾರತೀಯ ಕರಾರು ಕಾಯ್ದೆಯ 72ನೇ ಕಲಮಿನ ಪ್ರಕಾರ, ತಪ್ಪಿನಿಂದ ಯಾರಿಗಾದರೂ ಹಣ ಸಂದಾಯವಾಗಿದ್ದರೆ ಪಡೆದವರು ಅದನ್ನು ಮರಳಿಸಬೇಕು. "ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ" ಎಂಬ ಗಾದೆ ಕೋರ್ಟಿನಲ್ಲಿ ನಡೆಯುವುದಿಲ್ಲ! ಖಾಸಗಿ ಸಂಸ್ಥೆಯವರು ಸಿವಿಲ್ ದಾವೆ ಹಾಕಬಹುದು. ಅದಕ್ಕೆ ಸಾಮಾನ್ಯವಾಗಿ ತಪ್ಪು ಗೊತ್ತಾದಂದಿನಿಂದ ಮೂರು ವರ್ಷದ ಅವಧಿ ಇರುತ್ತದೆ.

ಆದರೆ ಇದು ಸಿವಿಲ್ ವ್ಯವಹಾರ ಎಂಬುದನ್ನು ನೆನಪಿಡಿ. ಲೆಕ್ಕ ಕೇಳಿದ್ದಕ್ಕೆ, ಕಂತು ಕೇಳಿದ್ದಕ್ಕೆ ಯಾರೂ ಯಾರನ್ನೂ ಠಾಣೆಗೆ ಒಯ್ಯುವುದಿಲ್ಲ. ಹೆದರಿಕೆಯಿಂದ ಮುಂದಿನ ತಾರೀಖಿನ ಚೆಕ್ಕನ್ನೋ ಖಾಲಿ ಚೆಕ್ಕನ್ನೋ ಮಾತ್ರ ಕೊಡಬೇಡಿ. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ತಿರುಗಿ ಬಂದರೆ ಸಿವಿಲ್ ಆಗಿದ್ದ ವಿಷಯ ಕ್ರಿಮಿನಲ್ ಆಗಿ ಕೂಡುತ್ತದೆ.

ಕೆಲಸ ಕೊಟ್ಟವರಿಗೂ ಕಟ್ಟಳೆ ಇದೆ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಎಂದು ಅದು ಹೇಳುತ್ತದೆ. ಹೆಚ್ಚಾಗಿ ಕೊಟ್ಟ ವೇತನವನ್ನು ಮುಂದಿನ ವೇತನದಲ್ಲಿ ಕಡಿದುಕೊಳ್ಳಲು ಅವಕಾಶವಿದೆ. ಆದರೆ ಎಲ್ಲ ಕಡಿತವೂ ಸೇರಿ ವೇತನದ ಅರ್ಧವನ್ನು ಮೀರುವಂತಿಲ್ಲ.

ಸರ್ಕಾರಿ ನೌಕರಿಯಾದರೆ

ಸರ್ಕಾರಿ ನೌಕರಿಯಿಂದ ನಿವೃತ್ತರಾದವರ ಮನೆಗೆ ಬರುವ ಕಾಗದದ ಕಥೆಯೇ ಬೇರೆ. "ಹತ್ತು ವರ್ಷದ ಹಿಂದೆ ವೇತನ ಬಡ್ತಿ ತಪ್ಪಾಗಿ ಕೊಟ್ಟಿದ್ದೆವು. ಅದನ್ನೆಲ್ಲ ಕಟ್ಟಿ" ಎಂದು ಕೇಳುವುದುಂಟು. ಇಂಥ ಮೊತ್ತ ಸಾವಿರಗಳಲ್ಲಿ ನಿಲ್ಲದೆ ಲಕ್ಷ ದಾಟಬಹುದು.

ನಮ್ಮ ರಾಜ್ಯದ್ದೇ ಒಂದು ನಿದರ್ಶನವಿದೆ. ಮಂಗಳೂರು ವಿಶ್ವವಿದ್ಯಾಲಯದ ಬೋಧಕೇತರ ನೌಕರರಿಗೆ ಮನೆ ಬಾಡಿಗೆ ಮುಂತಾದ ಭತ್ಯೆಗಳು ಸಲ್ಲಬೇಕಾದುದಕ್ಕಿಂತ ಹೆಚ್ಚಾಗಿ ಸಂದಿದ್ದವು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2002ರಲ್ಲಿ ನ್ಯಾಯಾಲಯ, ನೌಕರರಿಗೆ ಆ ದರದ ಹಕ್ಕಿಲ್ಲ ಎಂದಿತು. ಆದರೂ 1997ರ ಮಾರ್ಚ್ 31ರವರೆಗೆ ಹೆಚ್ಚಾಗಿ ಕೊಟ್ಟದ್ದನ್ನು ವಸೂಲಿ ಮಾಡಬಾರದೆಂದು ಅವರಿಗೆ ರಕ್ಷಣೆ ಕೊಟ್ಟಿತು.

ಮುಂದೆ 2014ರ ಡಿಸೆಂಬರ್ 18ರಂದು ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಸ್ಪಷ್ಟವಾಗಿ ಐದು ಅಂಶಗಳಲ್ಲಿ ಹೇಳಿತು. ತಪ್ಪು ನೌಕರನದಲ್ಲದೆ ಕಚೇರಿಯದಾಗಿದ್ದಾಗ ಈ ಸಂದರ್ಭಗಳಲ್ಲಿ ವಸೂಲಿ ಸಲ್ಲದು:

1. ಮೂರನೆಯ ಮತ್ತು ನಾಲ್ಕನೆಯ ದರ್ಜೆಯ, ಅಂದರೆ ನಮ್ಮಲ್ಲಿ 'ಸಿ' ಮತ್ತು 'ಡಿ' ಗುಂಪಿನ ನೌಕರರಿಂದ.
2. ನಿವೃತ್ತರಾದವರಿಂದ, ಇಲ್ಲವೆ ವಸೂಲಿ ಆದೇಶದಿಂದ ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ.
3. ಆದೇಶ ಹೊರಡುವ ಮೊದಲು ಐದು ವರ್ಷಕ್ಕಿಂತ ಹೆಚ್ಚು ಕಾಲ ಹೀಗೆ ಪಾವತಿ ನಡೆದಿದ್ದರೆ.
4. ಮೇಲಿನ ಹುದ್ದೆಯ ಕೆಲಸವನ್ನು ತಪ್ಪಾಗಿ ಮಾಡಿಸಿಕೊಂಡು ಅದರ ವೇತನ ಕೊಟ್ಟಿದ್ದರೆ.
5. ವಸೂಲಿ ಮಾಡುವುದು ತೀರ ಅನ್ಯಾಯ, ಕಠೋರ ಎಂದು ನ್ಯಾಯಾಲಯಕ್ಕೆ ಕಂಡರೆ.

2022ರ ಮೇ 2ರಂದು ಕೇರಳದ ಶಿಕ್ಷಕರೊಬ್ಬರ ಮೊಕದ್ದಮೆಯಲ್ಲೂ ಸುಪ್ರೀಂ ಕೋರ್ಟು ವಸೂಲಿಯನ್ನು ತಡೆಯಿತು. ಅವರು ನಿವೃತ್ತರಾದದ್ದು 1999ರಲ್ಲಿ. ಸಂಸಾರ ನಡೆಸುವವರು ಬಂದ ಪಗಾರವನ್ನು ತಮ್ಮದೇ ಎಂದು ನಂಬಿ ಖರ್ಚು ಮಾಡಿರುತ್ತಾರೆ. ವರ್ಷಗಟ್ಟಲೆ ಆದ ಮೇಲೆ ಒಮ್ಮೆಲೇ ಕೇಳಿದರೆ ಬದುಕು ಕುಸಿಯುತ್ತದೆ. ಇಂಥ ತೀರ್ಪುಗಳ ಹಿಂದಿರುವ ಕರುಣೆ ಇದೇ.

ಆದರೆ ಎರಡು ಎಚ್ಚರಿಕೆ. ಸುಳ್ಳು ಹೇಳಿ, ಮುಚ್ಚಿಟ್ಟು ಪಡೆದ ಹಣಕ್ಕೆ ಈ ರಕ್ಷಣೆ ಇಲ್ಲ. ಎರಡನೆಯದು, "ಹೆಚ್ಚು ಪಾವತಿಯಾದಲ್ಲಿ ಮರಳಿಸುತ್ತೇನೆ" ಎಂದು ಮುಚ್ಚಳಿಕೆ ಬರೆದುಕೊಟ್ಟಿದ್ದರೆ ಅದು ಕಟ್ಟಿಹಾಕುತ್ತದೆ. 2016ರ ಜುಲೈ 29ರಂದು ಜಗದೇವ್ ಸಿಂಗ್ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹಾಗೆಯೇ ಹೇಳಿತು. ಅಲ್ಲಿಯೂ ಎರಡು ವರ್ಷದ ಕಂತುಗಳಲ್ಲಿ ತುಂಬಲು ಅವಕಾಶ ಕೊಟ್ಟಿತು. ಆದ್ದರಿಂದ ಯಜಮಾನರು ವೇತನ ಪರಿಷ್ಕರಣೆಯ ಹೊತ್ತಿಗೆ ಸಹಿ ಮಾಡಿದ ಕಾಗದಗಳ ಪ್ರತಿಯನ್ನು ಜೋಪಾನವಾಗಿಡಿ. ಗಂಡನನ್ನು ಕಳೆದುಕೊಂಡು ಕುಟುಂಬ ಪಿಂಚಣಿ ಪಡೆಯುವ ಸೋದರಿಯರು ಇಂಥ ಕಾಗದ ಬಂದಾಗ ಒಪ್ಪಿಗೆಯ ಸಹಿ ಹಾಕುವ ಮೊದಲು ವಕೀಲರನ್ನು ಕೇಳಿ.

ಉತ್ತರ ಹೀಗೆ ಬರೆಯಿರಿ

ಫೋನಿನಲ್ಲಿ ಜಗಳ ಬೇಡ. ಬರಹದಲ್ಲಿ ಉತ್ತರ ಕೊಡಿ. ನಾವು ಬರೆದ ಪತ್ರದ ಸಾರ ಇಷ್ಟು:

"ಮಾನ್ಯರೇ, ತಮ್ಮ ಪತ್ರ ತಲುಪಿತು. ತಾವು ಕೇಳಿರುವ 9,000 ರೂಪಾಯಿಯ ವಿವರವಾದ ಲೆಕ್ಕವನ್ನು, ಸೆಪ್ಟೆಂಬರ್ ತಿಂಗಳ ಪಗಾರದ ಚೀಟಿಯೊಂದಿಗೆ ಕಳಿಸಬೇಕಾಗಿ ವಿನಂತಿ. ನನ್ನ ಲೆಕ್ಕದಂತೆ ಕೈಗೆ ಹೆಚ್ಚಾಗಿ ಬಂದದ್ದು 7,920. ಇದರಲ್ಲಿ ನಾಲ್ಕು ದಿನದ ರಜೆಯ ಬಾಕಿ 2,000 ವಜಾ ಮಾಡಿದರೆ ಉಳಿಯುವುದು 5,920. ತಾವು ಇದನ್ನು ಒಪ್ಪಿದಲ್ಲಿ ಎರಡು ಕಂತುಗಳಲ್ಲಿ ಸಂಸ್ಥೆಯ ಬ್ಯಾಂಕ್ ಖಾತೆಗೆ ಜಮಾ ಮಾಡುತ್ತೇನೆ. ಪೂರ್ತಿ ಸಂದಾಯವಾದ ನಂತರ ಯಾವ ಬಾಕಿಯೂ ಇಲ್ಲವೆಂದು ಪತ್ರ ಕೊಡಬೇಕು."

ಇದರ ಒಂದು ಪ್ರತಿ ಇಟ್ಟುಕೊಂಡು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಕಾಯ್ದಿಡಿ. ಹಳೆಯ ರಿಜಿಸ್ಟರ್ ಟಪಾಲು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ. ಹಣವನ್ನು ಯಾರ ಕೈಗೂ ಕೊಡಬೇಡಿ, ಯಾರದೋ ಸ್ವಂತ ನಂಬರಿಗೂ ಕಳಿಸಬೇಡಿ. "ಶಾಲೆಯಿಂದ ಮಾತಾಡ್ತೀವಿ, ಓಟಿಪಿ ಹೇಳ್ರಿ" ಎಂದು ಫೋನು ಬಂದರೆ ಅದು ಮೋಸವೆಂದೇ ತಿಳಿಯಿರಿ.

ವಕೀಲರ ನೋಟೀಸು ಬಂದರೆ, ಕೋರ್ಟಿನ ಸಮನ್ಸು ಬಂದರೆ ಉದಾಸೀನ ಮಾಡಬಾರದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ನಮ್ಮ ಕಡೆಯವರು ರಾಯಬಾಗದ ಕೋರ್ಟಿಗೆ ಹೋಗಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಬಹುದು. 15100ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ.

ಕೊನೆಗೆ ಏನಾಯಿತು?

ಪತ್ರ ಹೋದ ಹದಿನೈದು ದಿನಕ್ಕೆ ಶಾಲೆಯ ಗುಮಾಸ್ತರೇ ಫೋನು ಮಾಡಿದರು. "ರಜಾದ್ದು ನಮ್ಮ ಲಕ್ಷ್ಯಕ್ಕ ಬಂದಿರಲಿಲ್ರಿ ಬಾಯಾರ" ಎಂದರು. 5,920ಕ್ಕೆ ಒಪ್ಪಿಗೆಯ ಕಾಗದ ಬಂತು. ನೆಗೆಣ್ಣಿ ಸಂಜೆ ಮಕ್ಕಳಿಗೆ ಪಾಠ ಹೇಳಿ ಬಂದ ರೊಕ್ಕದಲ್ಲಿ 2,960ರಂತೆ ಎರಡು ಕಂತು ತುಂಬಿದಳು. ಬಾಕಿ ಇಲ್ಲವೆಂಬ ಪತ್ರದ ಜೊತೆಗೆ ಅನುಭವದ ಪ್ರಮಾಣಪತ್ರವೂ ಬಂತು. ನಾಳೆ ಮಗ ದೊಡ್ಡವನಾದ ಮೇಲೆ ಮತ್ತೆ ಕಲಿಸಲು ಹೋಗಬೇಕೆಂದರೆ ಅದು ಬೇಕಲ್ಲ!

ಅತ್ತೆಯವರ ಮಾತೂ ನಡೆಯಿತು, ಮಂದಿಯ ರೊಕ್ಕ ಮನೆಯಲ್ಲಿ ಉಳಿಯಲಿಲ್ಲ. ಮೈದುನನ ಮಾತೂ ಅರ್ಧ ನಡೆಯಿತು, ಕೊಡಬಾರದ್ದನ್ನು ಕೊಡಲಿಲ್ಲ. ಆ ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಟ್ರಂಕಿನಲ್ಲಿ ಅತ್ತೆಯ ಇಳಕಲ್ ಸೀರೆಯ ಕೆಳಗೆ ಇಟ್ಟಿದ್ದೇವೆ. ನಿಮ್ಮ ಮನೆಯ ಪಗಾರದ ಕಾಗದಗಳು ಎಲ್ಲಿವೆ? ಇವತ್ತೇ ಒಮ್ಮೆ ಹುಡುಕಿ ಒಂದು ಕಡೆ ಇಡಿ.