ಮುಚ್ಚಳ ಭಾರವಾದ ಕಥೆ

ಯಾದಗಿರಿಯಿಂದ ಶಹಾಪುರ ದಾಟಿ ಸುರಪುರಕ್ಕೆ ಹೋಗುವ ದಾರಿಯಲ್ಲಿ, ಬೇಸಗಿಯ ಮಧ್ಯಾಹ್ನ ಬಾನೆಟ್ ಎತ್ತಿ ನಿಂತ ಗಾಡಿ ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. 40 ಡಿಗ್ರಿ ದಾಟಿದ ಬಿಸಿಲು, ಆಳು ತುಂಬಿದ ಕ್ರೂಸರ್, ರೇಡಿಯೇಟರಿಗೆ ಸುರಿದ ಗಡಸು ಬೋರ್ ನೀರು. ಸುಣ್ಣ ಕಟ್ಟಿಕೊಂಡು ನೀರಿನ ದಾರಿ ಕಿರಿದಾದರೆ ಎಂಜಿನ್ ಕುದಿಯುತ್ತದೆ. ಸೈಲೆನ್ಸರಿನಿಂದ ಬಿಳಿ ಹೊಗೆ, ರೇಡಿಯೇಟರಿನಲ್ಲಿ ಗುಳ್ಳೆ, ಡಿಪ್‌ಸ್ಟಿಕ್ ಎಳೆದರೆ ಹಾಲು ಹಾಕಿದ ಚಹಾದಂಥ ಆಯಿಲ್. ಇಷ್ಟು ಕಂಡರೆ ಮಿಸ್ತ್ರಿ ಬೇರೇನೂ ಹುಡುಕುವುದಿಲ್ಲ: "ಹೆಡ್ ಇಳಸ್ಬೇಕಾಗ್ತದ ನೋಡ್ರಿ, ಅಣ್ಣಾರ."

ಇಳಿಸಲು ಹೆಡ್ಡೇ ಇಲ್ಲದ ಕಾಲವೊಂದಿತ್ತು. ಆರಂಭದ ಅನೇಕ ಕಾರುಗಳಲ್ಲಿ ಸಿಲಿಂಡರೂ ಅದರ ನೆತ್ತಿಯೂ ಒಂದೇ ಎರಕ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ, ನಾಲ್ಕೂ ಸಿಲಿಂಡರುಗಳನ್ನು ಒಂದೇ ಬ್ಲಾಕಿನಲ್ಲಿ ಹೊಯ್ದು, ಮೇಲೆ ಬಿಚ್ಚಲು ಬರುವ ಹೆಡ್ ಕೂರಿಸಿತು: 15 ಬೋಲ್ಟು, ನಡುವೆ ತಾಮ್ರ–ಆಸ್ಬೆಸ್ಟಾಸಿನ ಗ್ಯಾಸ್ಕೆಟ್. ವಾಲ್ವುಗಳು ಬ್ಲಾಕಿನಲ್ಲೇ ಇದ್ದುದರಿಂದ ಆ ಹೆಡ್ ಬರೀ ಮುಚ್ಚಳ. ತೆಗೆದು, ಮಸಿ ಕೆರೆದು, ಮತ್ತೆ ಮುಚ್ಚಿದರೆ ಮುಗಿಯಿತು. ರಸ್ತೆ ಬದಿಯ ಗ್ಯಾರೇಜು ಎಂಬುದು ಸಾಧ್ಯವಾದದ್ದೇ ಇಂಥ ಮುಚ್ಚಳದಿಂದ ಎಂದರೆ ಅತಿಯಾಗದು.

ನಮ್ಮ ಭಾಗ ಆಗ ನಿಜಾಮರ ಆಡಳಿತದಲ್ಲಿತ್ತು. ನಿಜಾಂ ಸ್ಟೇಟ್ ರೈಲ್ವೆ 1932ರಲ್ಲಿ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಶುರು ಮಾಡಿತು. ಆದರೆ ಇಲ್ಲಿನ ಮಿಸ್ತ್ರಿಗಳ ಕೈಗೆ ಬಿಡುವಿಲ್ಲದಂತೆ ಮಾಡಿದ್ದು, ನನ್ನ ಲೆಕ್ಕದಲ್ಲಿ, ಬಸ್ಸಲ್ಲ, ಕೃಷ್ಣೆ. 1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಮುಗಿದು, ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿದ ಮೇಲೆ ಭತ್ತ ಬಂತು, ಭತ್ತದ ಹಿಂದೆ ಟ್ರ್ಯಾಕ್ಟರು, ಅದರ ಹಿಂದೆ ಜೀಪು.

ಅಷ್ಟರಲ್ಲಿ ಮುಚ್ಚಳವೂ ಮೊದಲಿನಂತಿರಲಿಲ್ಲ. ಅಂಬಾಸಿಡರ್ ಕಾರೇ ಸಾಕ್ಷಿ. ಮೊದಲು ಬಂದಾಗ ಅದರ ವಾಲ್ವುಗಳು ಬ್ಲಾಕಿನಲ್ಲಿದ್ದವು. 1959ರಲ್ಲಿ 1489 ಸಿಸಿಯ ಹೊಸ ಎಂಜಿನ್ ಬಂದಾಗ ಹೆಡ್ಡಿಗೆ ಏರಿದವು. ಅಲ್ಲಿಂದ ಹೆಡ್ ಇಳಿಸುವುದೆಂದರೆ ರಾಕರ್ ಶಾಫ್ಟ್ ಬಿಚ್ಚಿ, ಪುಶ್ ರಾಡ್‌ಗಳನ್ನು ಎಳೆದು, ಕೆಳಗಿಳಿದದ್ದನ್ನು ಮೇಜಿನ ಮೇಲಿಟ್ಟು ಇನ್ನೊಮ್ಮೆ ಬಿಚ್ಚುವ ಕೆಲಸ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿ ಕ್ಯಾಮ್ ಶಾಫ್ಟೂ ಮೇಲೇರಿ ಕೂತಿತ್ತು. ಟೈಮಿಂಗ್ ಗುರುತು ಸೇರಿಸದೆ ಬೆಲ್ಟ್ ಕಳಚಿದವನಿಗೆ ಅದು ಚೆನ್ನಾಗಿಯೇ ಪಾಠ ಕಲಿಸಿತು.

ಆ ಹೆಡ್ ಅಲ್ಯುಮಿನಿಯಂನದು. ಬೀಡು ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಹಿಗ್ಗುವ ಲೋಹ. ಎಂಜಿನ್ ಪೂರ್ತಿ ತಣ್ಣಗಾಗುವ ಮುನ್ನ ಪಾನಾ ಹಚ್ಚಿದರೆ ಸೊಟ್ಟಗಾಗುತ್ತದೆ. ಬೋಲ್ಟುಗಳನ್ನು ಎರಡೂ ತುದಿಗಳಿಂದ ನಡುವಿಗೆ ಬರುತ್ತ, ಒಂದೊಂದನ್ನೂ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಬಿಗಿಯುವಾಗ ನಡುವಿನಿಂದ ತುದಿಗೆ. ಹೆಡ್ ಅಂಟಿಕೊಂಡಿದ್ದರೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಅವಸರಕ್ಕೆ ಸಂದಿಯಲ್ಲಿ ಸ್ಕ್ರೂಡ್ರೈವರ್ ತುರುಕುವವನ ಕೈಗೆ ನಾನಂತೂ ಗಾಡಿ ಕೊಡಲಾರೆ.

ಇಳಿದ ಮೇಲೆ ಸ್ಪ್ರಿಂಗನ್ನು ಕ್ಲ್ಯಾಂಪಿನಿಂದ ಅದುಮಿದರೆ ವಾಲ್ವಿನ ಕುತ್ತಿಗೆಯಲ್ಲಿ ಕಡಲೆಬೇಳೆಯಷ್ಟು ದೊಡ್ಡ ಎರಡು ಲಾಕ್. ಜಾರಿದರೆ ಗ್ಯಾರೇಜಿನ ಮಣ್ಣಿನಲ್ಲಿ ಸಿಗುವುದು ಕಷ್ಟ. ರಟ್ಟಿಗೆ ಸಾಲಾಗಿ ತೂತು ಕೊರೆದು, ಯಾವ ವಾಲ್ವ್ ಎಲ್ಲಿಯದೋ ಅದೇ ಸಾಲಿನಲ್ಲಿ ಸಿಕ್ಕಿಸಿಡುತ್ತಾರೆ. ಸವೆದು ಹೊಂದಿಕೊಂಡ ಸೀಟಿಗೆ ಇನ್ನೊಂದು ವಾಲ್ವ್ ಕೂರುವುದಿಲ್ಲ. ಪೇಸ್ಟ್ ಹಚ್ಚಿ ಹಿಂದೆ ಮುಂದೆ ತಿರುವುತ್ತಿದ್ದರೆ ಮೊದಲು ಕರಕರ, ಆಮೇಲೆ ಸದ್ದು ನುಣ್ಣಗಾಗುತ್ತದೆ. ಕೊನೆಗೆ ಹೆಡ್ಡಿನ ತಳಕ್ಕೆ ನೇರಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸುವುದು. ಚಿಕ್ಕ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ 0.05 ಮಿ.ಮೀ. ಎಲೆ ನುಸುಳಿ ಇನ್ನೂ ಸಂದು ಉಳಿದರೆ ಫೇಸಿಂಗ್ ಮಾಡಿಸಬೇಕು. ಊರಲ್ಲಿ ಆ ಯಂತ್ರ ಇಲ್ಲವಾದರೆ ಕಲಬುರಗಿಯ ಇಲ್ಲವೇ ರಾಯಚೂರಿನ ದಾರಿ. ಕಾರು ಇಲ್ಲೇ, ಹೆಡ್ ಮಾತ್ರ ಗೋಣಿಚೀಲದಲ್ಲಿ.

ಆಸ್ಬೆಸ್ಟಾಸಿನ ಜಾಗಕ್ಕೆ ಈಗ ಹಲವು ಪದರದ ಉಕ್ಕಿನ ಗ್ಯಾಸ್ಕೆಟ್ ಬಂದಿದೆ. ಹಳೆಯದರ ಪುಡಿ ಶ್ವಾಸಕೋಶಕ್ಕೆ ವಿಷ. ಬಾಯಿಂದ ಊದಿ ಒರೆಸುತ್ತಿದ್ದ ತಲೆಮಾರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಹೊಸ ಎಂಜಿನ್ನುಗಳ ಎಷ್ಟೋ ಬೋಲ್ಟುಗಳು ಬಿಗಿದಾಗ ಹಿಗ್ಗಿ ಹಿಡಿಯುವಂಥವು, ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು. ಅವನ್ನು ಮೊದಲು ಟಾರ್ಕ್ ಪಾನಾದಿಂದ ಬಿಗಿದು, ಆಮೇಲೆ ಇಷ್ಟು ಡಿಗ್ರಿ ಎಂದು ಅಳೆದು ತಿರುಗಿಸಬೇಕು. ಕೈಯಂದಾಜಿನಲ್ಲೇ ಬಿಗಿದು ಹೆಸರು ಮಾಡಿದ ಹಿರಿಯ ಮಿಸ್ತ್ರಿ ಈಗ ಶಿಷ್ಯನ ಮೊಬೈಲಿನಲ್ಲಿ ಆ ಡಿಗ್ರಿಯ ಲೆಕ್ಕ ಓದಿಸಿಕೊಳ್ಳುತ್ತಾನೆ.